ಸ್ಮಾರಕದ ಪಕ್ಕ ಕಟ್ಟಡ ಏಳುತ್ತಿದೆಯೇ? ತಡೆಯಲು ಯಾವ ಕೆಲಸ ಮೊದಲು, ಯಾವುದು ಆಮೇಲೆ

"ಅರ್ಜಿ ಕೊಟ್ಟು ಆರು ತಿಂಗಳಾಯ್ತು, ಅಷ್ಟರಲ್ಲಿ ಎರಡನೇ ಮೋಲ್ಡೂ ಬಿತ್ತು." ಊರಿನ ಹಳೆ ಗುಡಿ, ಬಸದಿ, ಕೋಟೆಯ ಪಕ್ಕ ಕಟ್ಟಡ ಏಳುವುದನ್ನು ತಡೆಯಲು ಹೋದವರಿಂದ ನಾನು ಜಾಸ್ತಿ ಕೇಳಿರುವ ಮಾತು ಇದೇ. ಇವರಲ್ಲಿ ಹೆಚ್ಚಿನವರ ಕಡೆ ನ್ಯಾಯ ಇತ್ತು, ಕಾನೂನೂ ಇತ್ತು. ಕೈಕೊಟ್ಟದ್ದು ಕೆಲಸದ ಕ್ರಮ. ಮೊದಲು ದೂರು ಬರೆದರು, ಆಮೇಲೆ ಅಳತೆಗೆ ಹೋದರು, ಕೊನೆಗೆ ಗಡಿಯ ದಾಖಲೆ ಹುಡುಕಿದರು. ಆಗಬೇಕಾದದ್ದು ಇದರ ಉಲ್ಟಾ. ಮೊದಲು ಗಡಿ, ಆಮೇಲೆ ಅಳತೆ, ಆಮೇಲೆ ದೂರು. ಈ ಮೂರೂ ಪಾಯ ತೋಡುವ ಹೊತ್ತಿಗೆ ಮುಗಿದಿದ್ದರೆ ಒಳ್ಳೆಯದು.

ಇಲ್ಲಿ ಬರೆದಿರುವುದು ಕರ್ನಾಟಕದಲ್ಲಿರುವ ಸಂರಕ್ಷಿತ ಸ್ಮಾರಕಗಳ ಸುತ್ತಲಿನ ಜಾಗದ ಬಗ್ಗೆ. ಸ್ಮಾರಕದ ಒಳಗಿನ ದುರಸ್ತಿ, ಕಳವು, ನಿಧಿಗಾಗಿ ಅಗೆತ ಬೇರೆ ವಿಷಯ.

## ಮೊದಲು ಜೋಡಿಸಿಕೊಳ್ಳಬೇಕಾದ್ದು

50 ಮೀಟರಿನ ಟೇಪು ಒಂದು. ಫೋಟೋದ ಮೇಲೆ ದಿನಾಂಕ ಮತ್ತು ಜಾಗದ ಅಕ್ಷಾಂಶ-ರೇಖಾಂಶ ಮೂಡಿಸುವ ಆ್ಯಪ್ ಇರುವ ಫೋನು. ನಿಂತ ಜಾಗದ ಸರ್ವೆ ನಂಬರ್ ತೋರಿಸುವ ದಿಶಾಂಕ್ ಆ್ಯಪ್, ಇದು ಕಂದಾಯ ಇಲಾಖೆಯದ್ದೇ. ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ. ಊರಿನ ಗ್ರಾಮ ನಕ್ಷೆ, ಆ ಜಾಗದ ಪಹಣಿ. ಒಂದು ಗಟ್ಟಿ ಫೈಲು, ಒಂದು ನೋಟ್‌ಬುಕ್ಕು.

ಎಲ್ಲಕ್ಕಿಂತ ಮುಖ್ಯವಾಗಿ ಜೊತೆಗೆ ಇನ್ನೊಬ್ಬರು ಬೇಕು. ಒಬ್ಬರೇ ಹೋಗಿ ಅಳೆಯಬೇಡಿ. ಟೇಪಿನ ಇನ್ನೊಂದು ತುದಿ ಹಿಡಿಯಲು ಆಳು ಬೇಕೇ ಬೇಕು. ಸ್ಥಳದಲ್ಲಿ ಮಾತಿಗೆ ಮಾತು ಬೆಳೆದರೆ ಸಾಕ್ಷಿಯೂ ಬೇಕು.

## ಹಂತ 1: ಸ್ಮಾರಕ ಯಾರ ಸುಪರ್ದಿಯಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ

ಅರ್ಧ ಅರ್ಜಿಗಳು ಸೋಲುವುದು ಇಲ್ಲೇ, ತಪ್ಪು ಕಚೇರಿಗೆ ಹೋಗಿ. ಸಾಮಾನ್ಯವಾಗಿ ಮೂರು ಸಾಧ್ಯತೆಗಳಿವೆ.

ಒಂದು, ಕೇಂದ್ರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಜನರ ಬಾಯಲ್ಲಿ ಎಎಸ್‌ಐ. ಇದಕ್ಕೆ ಅನ್ವಯಿಸುವುದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ. ಕರ್ನಾಟಕದಲ್ಲಿ ಇದರ ವೃತ್ತ ಕಚೇರಿಗಳು ಬೆಂಗಳೂರು, ಧಾರವಾಡ ಮತ್ತು ಹಂಪಿಯಲ್ಲಿವೆ. ಎರಡು, ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ. ಇದರ ಕೇಂದ್ರ ಕಚೇರಿ ಮೈಸೂರಿನಲ್ಲಿದೆ, ಕಾಯ್ದೆ 1961ರದ್ದು. ಮೂರು, ಯಾರ ಪಟ್ಟಿಯಲ್ಲೂ ಇಲ್ಲದ ಸ್ಮಾರಕ.

ಸ್ಮಾರಕದ ಬಾಗಿಲ ಹತ್ತಿರ ಇರುವ ಬೋರ್ಡು ಓದಿ. "ರಾಷ್ಟ್ರೀಯ ಮಹತ್ವದ್ದು" ಎಂದಿದ್ದರೆ ಕೇಂದ್ರದ್ದು. ಬೋರ್ಡು ಇಲ್ಲ ಅಂದ ಮಾತ್ರಕ್ಕೆ ರಕ್ಷಣೆ ಇಲ್ಲ ಎಂದುಕೊಳ್ಳಬೇಡಿ, ಎರಡೂ ಇಲಾಖೆಗಳ ಪಟ್ಟಿ ನೋಡಿ. ಇನ್ನೊಂದು ಗೊಂದಲ ಮುಜರಾಯಿಯದ್ದು. ದೇವಸ್ಥಾನ ಮುಜರಾಯಿಗೆ ಸೇರಿದೆ ಅಂದರೆ ಪೂಜೆ, ಹುಂಡಿ, ಅರ್ಚಕರ ವ್ಯವಸ್ಥೆ ಅವರದ್ದು. ಅಷ್ಟರಿಂದಲೇ ಅದು ಸಂರಕ್ಷಿತ ಸ್ಮಾರಕ ಆಗುವುದಿಲ್ಲ.

ಮುಂದಿನ ಹಂತಗಳಲ್ಲಿ ನಾನು ಹೇಳುವ 100 ಮತ್ತು 200 ಮೀಟರಿನ ಲೆಕ್ಕ ಕೇಂದ್ರ ಸಂರಕ್ಷಿತ ಸ್ಮಾರಕಗಳದ್ದು. ರಾಜ್ಯದ ಸ್ಮಾರಕವಾದರೆ ಆ ಸ್ಮಾರಕದ ಅಧಿಸೂಚನೆಯಲ್ಲಿ ಏನಿದೆ ಎಂದು ಮೊದಲು ಇಲಾಖೆಯಿಂದ ಲಿಖಿತವಾಗಿ ಪಡೆಯಿರಿ. ಕೇಂದ್ರದ ಕಲಮನ್ನು ರಾಜ್ಯದ ಸ್ಮಾರಕಕ್ಕೆ ಹಾಕಿ ಬರೆದರೆ ಅರ್ಜಿ ಬಿದ್ದುಹೋಗುತ್ತದೆ.

## ಹಂತ 2: ಅಧಿಸೂಚನೆಯ ಪ್ರತಿ ಕೈಗೆ ತನ್ನಿ

ಇದೇ ಎಲ್ಲದರ ಬುಡ. ಸ್ಮಾರಕವನ್ನು ಸಂರಕ್ಷಿತ ಎಂದು ಘೋಷಿಸಿದ ರಾಜಪತ್ರದ ಅಧಿಸೂಚನೆ ಬೇಕು. ಅದರಲ್ಲಿ ಸರ್ವೆ ನಂಬರ್, ವಿಸ್ತೀರ್ಣ, ಕೆಲವೊಮ್ಮೆ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಇರುತ್ತದೆ. ಸಂರಕ್ಷಿತ ಜಾಗ ಎಲ್ಲಿ ಮುಗಿಯುತ್ತದೆ ಎಂದು ಹೇಳುವ ಕಾಗದ ಇದೊಂದೇ.

ಇದು ಎಷ್ಟು ಗಟ್ಟಿ ಎಂದು ತಿಳಿಯಲು ಹಂಪಿಯ ಎದುರು ದಡದ ವಿರೂಪಾಪುರ ಗಡ್ಡೆ ನೋಡಿ. ಅಲ್ಲಿ ವರ್ಷಗಟ್ಟಲೆ ರೆಸಾರ್ಟುಗಳು ನಡೆದವು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋದಾಗ ತೂಕ ಬಂದದ್ದು 1988ರ ಒಂದು ಅಧಿಸೂಚನೆಗೆ. ಆ ಜಾಗ ಸಂರಕ್ಷಿತ ಪ್ರದೇಶದೊಳಗೆ ಸೇರಿದೆ ಎಂದು ನಿಂತಿತು. 2020ರಲ್ಲಿ ತೀರ್ಪು ಬಂತು, ಕಟ್ಟಡಗಳು ತೆರವಾದವು. ಮೂವತ್ತು ವರ್ಷ ಹಳೆಯ ಒಂದು ಕಾಗದ ಮಾಡಿದ ಕೆಲಸ ಅದು.

ಪ್ರತಿ ಪಡೆಯಲು ವೃತ್ತ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಮೂರೇ ವಿಷಯ ಕೇಳಿ: ಅಧಿಸೂಚನೆಯ ಪ್ರತಿ, ಸಂರಕ್ಷಿತ ಜಾಗದ ಸರ್ವೆ ನಕ್ಷೆ, ನಿಷೇಧಿತ ಮತ್ತು ನಿಯಂತ್ರಿತ ಪ್ರದೇಶದ ನಕ್ಷೆ (ಇವು ಏನೆಂದು ಹಂತ 3ರಲ್ಲಿದೆ). ಈ ಪ್ರದೇಶಗಳ ಸರ್ವೆ ಮಾಡಿಸುವುದು ಕಾಯ್ದೆಯ 35ಎ ಕಲಮಿನ ಪ್ರಕಾರ ಇಲಾಖೆಯ ಜವಾಬ್ದಾರಿ, ಹಾಗಾಗಿ ಹಿಂಜರಿಯದೆ ಕೇಳಿ. ಈ ಅರ್ಜಿಗೆ ಕಟ್ಟಡ ಏಳುವುದನ್ನು ಕಾಯಬೇಕಿಲ್ಲ. ನಿಮ್ಮೂರಿನಲ್ಲಿ ಸ್ಮಾರಕ ಇದೆಯಾ? ಈ ವಾರವೇ ಹಾಕಿಬಿಡಿ.

## ಹಂತ 3: ಗಡಿಯಿಂದ ಅಳೆಯಿರಿ, ಗುಡಿಯಿಂದ ಅಲ್ಲ

ಸಂರಕ್ಷಿತ ಜಾಗದ ಗಡಿಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿಂದಾಚೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಒಟ್ಟು 300 ಮೀಟರ್. 2010ರ ತಿದ್ದುಪಡಿ ಇದನ್ನು ಕಾಯ್ದೆಯೊಳಗೇ ತಂದಿತು, 20ಎ ಮತ್ತು 20ಬಿ ಕಲಮುಗಳು ನೋಡಿ.

ಇದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಒಂದು ಹಳೆಯ ಗುಡಿಯ ಹಿಂದೆ ಮನೆಗೆ ಪಾಯ ತೆಗೆಯುತ್ತಿದ್ದರು. ನಾವಿಬ್ಬರು ಗರ್ಭಗುಡಿಯ ಹಿಂದಿನ ಗೋಡೆಗೆ ಟೇಪು ಒತ್ತಿ ಹಿಡಿದು ಅಳೆದೆವು. 112 ಮೀಟರ್ ಬಂತು. ಅದನ್ನೇ ಅರ್ಜಿಯಲ್ಲಿ ಬರೆದೆವು. ನಿಷೇಧಿತ ಪ್ರದೇಶದಲ್ಲಿಲ್ಲ ಎಂದು ಕಡತ ಮುಚ್ಚಿದರು. ತಿಂಗಳುಗಳ ಮೇಲೆ ಅಧಿಸೂಚನೆಯ ಪ್ರತಿ ಸಿಕ್ಕಿತು. ಗುಡಿಯ ಹಿಂದಿನ ಹುಲ್ಲು ಬೆಳೆದ ಪಾಳು ಜಾಗ, ಮಣ್ಣು ತುಂಬಿದ ಕಲ್ಯಾಣಿಯ ಸಮೇತ, ಅದೇ ಸರ್ವೆ ನಂಬರಿನದ್ದು. ಅಲ್ಲಿಂದ ಅಳೆದರೆ ಪಾಯಕ್ಕೆ 70 ಮೀಟರೂ ಇರಲಿಲ್ಲ. ಅಷ್ಟರಲ್ಲಿ ಆ ಮನೆಯ ಗೃಹಪ್ರವೇಶ ಆಗಿತ್ತು. ಈ ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಈ ಹಂತವನ್ನೇ ಇಟ್ಟುಕೊಳ್ಳಿ.

ಅಳೆಯುವ ರೀತಿ ಹೀಗೆ. ಅಧಿಸೂಚನೆಯ ಸರ್ವೆ ನಂಬರನ್ನು ಗ್ರಾಮ ನಕ್ಷೆಯಲ್ಲಿ ಗುರುತಿಸಿ. ದಿಶಾಂಕ್ ಹಿಡಿದು ಸ್ಥಳದಲ್ಲಿ ಅದರ ಅಂಚು ಎಲ್ಲಿ ಬರುತ್ತದೆ ನೋಡಿ. ಫೋನಿನ ಜಿಪಿಎಸ್ ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ಹಾಗಾಗಿ ಬಾಂದು ಕಲ್ಲು ಸಿಕ್ಕರೆ ಅದನ್ನೇ ಹಿಡಿಯಿರಿ. ಅಲ್ಲಿಂದ ಹೊಸ ಕಟ್ಟಡದ ಅತಿ ಹತ್ತಿರದ ಮೂಲೆಗೆ ನೇರ ಗೆರೆಯಲ್ಲಿ ಅಳೆಯಿರಿ. ರಸ್ತೆ ಹಿಡಿದು ಸುತ್ತಿ ಅಳೆಯುವುದು ಬಹಳ ಜನ ಮಾಡುವ ತಪ್ಪು. ನಡುವೆ ಮನೆ, ಬೇಲಿ ಅಡ್ಡ ಬಂದರೆ ಗೂಗಲ್ ಅರ್ಥ್‌ನ ರೂಲರ್ ಬಳಸಿ ಅಳೆದು, ಆ ಪರದೆಯ ಚಿತ್ರ ತೆಗೆದಿಡಿ.

95 ಅಥವಾ 104 ಮೀಟರ್ ಎಂದು ಅಂಚಿನಲ್ಲಿ ಬಂದರೆ ಖಚಿತವಾಗಿ ಬರೆಯಬೇಡಿ. "ನಮ್ಮ ಅಂದಾಜು ಅಳತೆ ಇಷ್ಟು, ಇಲಾಖೆಯ ಸರ್ವೆಯವರಿಂದ ಜಂಟಿ ಅಳತೆ ಮಾಡಿಸಿ" ಎಂದು ಕೇಳಿ.

## ಹಂತ 4: ಕಟ್ಟುತ್ತಿರುವುದು ಏನು ಎಂದು ನೋಡಿ

ಎಲ್ಲ ಕೆಲಸವೂ ಅಪರಾಧವಲ್ಲ. ಸ್ಮಾರಕದ ಪಕ್ಕ ತಲೆಮಾರುಗಳಿಂದ ಬದುಕಿರುವವರು ಇದ್ದಾರೆ. ಸೋರುವ ಮಾಡು ಹೊದಿಸಿಕೊಳ್ಳುವವರ ಮೇಲೆ ಅರ್ಜಿ ಗೀಚಿದರೆ ಊರೇ ಸ್ಮಾರಕದ ವಿರುದ್ಧ ತಿರುಗುತ್ತದೆ. ಅದು ಕಟ್ಟಡಕ್ಕಿಂತ ದೊಡ್ಡ ನಷ್ಟ, ಅಲ್ವಾ?

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿಯೇ ಇಲ್ಲ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿ, ನವೀಕರಣಕ್ಕೆ ಮಾತ್ರ ಅರ್ಜಿ ಹಾಕಿ ಅನುಮತಿ ಪಡೆಯಬಹುದು. ನಂತರ ಕಟ್ಟಿದ್ದಾದರೆ ಆಗ ಎಎಸ್‌ಐ ಮಹಾನಿರ್ದೇಶಕರ ಒಪ್ಪಿಗೆ ಸಿಕ್ಕಿರಬೇಕು. ಕೆಡವಿ ಹೊಸದಾಗಿ ಕಟ್ಟುವುದು ದುರಸ್ತಿ ಅಲ್ಲ. ನಿಯಂತ್ರಿತ ಪ್ರದೇಶದಲ್ಲಿ ಹೊಸದನ್ನೂ ಕಟ್ಟಬಹುದು, ಆದರೆ ಅನುಮತಿ ಬೇಕು. ಚರಂಡಿ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರು, ಕರೆಂಟಿನ ಕೆಲಸಗಳನ್ನು ಕಾಯ್ದೆ "ನಿರ್ಮಾಣ" ಎಂದು ಲೆಕ್ಕ ಹಾಕುವುದಿಲ್ಲ. ಅವುಗಳ ಮೇಲೆ ದೂರು ಬರೆದು ಶಕ್ತಿ ಕಳೆಯಬೇಡಿ.

ದುರಸ್ತಿಯ ಹೆಸರಲ್ಲಿ ಹೊಸ ಕಟ್ಟಡ ಏಳುತ್ತಿದೆ ಎನ್ನುವುದಕ್ಕೆ ಕೆಲವು ಗುರುತುಗಳಿವೆ:

- ಹಳೆ ಗೋಡೆಯ ಒಳಗಡೆ ಹೊಸ ಪಿಲ್ಲರಿನ ಗುಂಡಿ. ಹೆಂಚು ಬದಲಿಸಲು ಪಿಲ್ಲರ್ ಬೇಡ.
- ಮೋಲ್ಡ್ ಮುಗಿದ ಮೇಲೂ ಕತ್ತರಿಸದೆ ಮೇಲಕ್ಕೆ ಬಿಟ್ಟ ಕಬ್ಬಿಣದ ಸರಳು. ಇನ್ನೊಂದು ಮಹಡಿ ಬರುತ್ತದೆ ಎಂದೇ ಅರ್ಥ.
- ಮುಂದೆ ಹಸಿರು ಪರದೆ ಅಥವಾ ತಗಡಿನ ಮರೆ, ಹಿಂದೆ ಸೆಂಟ್ರಿಂಗ್ ಮರ.
- ಸಾಲು ರಜೆ ಬರುವ ಮುನ್ನಾ ದಿನ ಜಲ್ಲಿ, ಎಂ-ಸ್ಯಾಂಡ್, ಸಿಮೆಂಟು ಒಟ್ಟಿಗೆ ಇಳಿಯುವುದು. ಕಚೇರಿಗಳು ಬಾಗಿಲು ಹಾಕಿದಾಗಲೇ ಮೋಲ್ಡ್ ಬೀಳುತ್ತದೆ.

ಹೊಲದಲ್ಲಿ ಗುರುತಿನ ಕಲ್ಲು ನೆಟ್ಟು "ಡಿಸಿ ಕನ್ವರ್ಷನ್ ಆಗಿದೆ, ಸೈಟುಗಳು ಲಭ್ಯ" ಎಂದು ಬೋರ್ಡು ಬಿದ್ದರೆ ಅದು ಇನ್ನೂ ದೊಡ್ಡ ಎಚ್ಚರಿಕೆ. ಭೂ ಪರಿವರ್ತನೆ ಆದೇಶವಾಗಲಿ, ಪಂಚಾಯ್ತಿಯ ಕಟ್ಟಡ ಪರವಾನಗಿಯಾಗಲಿ ಸ್ಮಾರಕ ಕಾಯ್ದೆಯ ಅನುಮತಿಗೆ ಬದಲಿ ಅಲ್ಲ. "ಪಿಡಿಒ ಸಹಿ ಹಾಕಿದ್ದಾರೆ" ಎಂದು ಯಾರಾದರೂ ಕಾಗದ ಚಾಚಿದರೆ ಅಲ್ಲಿಗೇ ಸುಮ್ನೆ ಆಗಬೇಡಿ.

## ಹಂತ 5: ಸಾಕ್ಷಿ ಕೂಡಿಡಿ

ಒಂದೇ ಜಾಗದಲ್ಲಿ ನಿಂತು, ಒಂದೇ ಕೋನದಿಂದ, ವಾರಕ್ಕೊಮ್ಮೆ ಫೋಟೋ ತೆಗೆಯಿರಿ. ಚಿತ್ರದಲ್ಲಿ ಸ್ಮಾರಕದ ಒಂದು ಭಾಗವೂ ಕಾಣಬೇಕು. ಬರೀ ಕಟ್ಟಡದ ಫೋಟೋ ಕೊಟ್ಟರೆ ಅದು ಎಲ್ಲಿಯದು ಎಂದು ಯಾರೂ ಹೇಳಲಾರರು. ಸಾರ್ವಜನಿಕ ರಸ್ತೆಯಲ್ಲೇ ನಿಲ್ಲಿ, ಇನ್ನೊಬ್ಬರ ಜಾಗಕ್ಕೆ ಕಾಲಿಡಬೇಡಿ. ಮೇಸ್ತ್ರಿ, ಕೂಲಿಯವರ ಜೊತೆ ಜಗಳ ಬೇಡ. ಅವರಿಗೆ ಈ ಕಾನೂನಿನ ಗೊಡವೆ ಇರುವುದಿಲ್ಲ.

"ಈ ಮನೆ 1992ಕ್ಕೂ ಮುಂಚೆ ಇತ್ತು" ಎಂಬ ವಾದ ಬಂದೇ ಬರುತ್ತದೆ. ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಉಪಗ್ರಹ ಚಿತ್ರಗಳನ್ನು ವರ್ಷವಾರು ಹಿಂದಕ್ಕೆ ಸರಿಸಿ ನೋಡಬಹುದು. ಆ ಜಾಗ ಖಾಲಿ ಇದ್ದ ಚಿತ್ರ ಸಿಕ್ಕರೆ ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಪಂಚಾಯ್ತಿಯ ಕಂದಾಯದ ರಸೀದಿ, ಇ-ಸ್ವತ್ತು ದಾಖಲೆಯೂ ಕಟ್ಟಡದ ವಯಸ್ಸು ತಿಳಿಯಲು ಸಹಾಯ ಮಾಡುತ್ತವೆ.

## ಹಂತ 6: ಅರ್ಜಿ ಬರೆಯಿರಿ

ಒಂದು ಪುಟ ಸಾಕು. ನಾಡಿನ ಹಿರಿಮೆ, ಶಿಲ್ಪದ ಸೊಬಗು ಬರೆಯಲು ಇದು ಜಾಗವಲ್ಲ. ಓದುವ ಅಧಿಕಾರಿಗೆ ಬೇಕಾದದ್ದು ಸರ್ವೆ ನಂಬರ್, ದೂರ, ಕಾಮಗಾರಿಯ ಹಂತ, ಕಲಮು. ಹೀಗೆ ಬರೆಯಬಹುದು:

"ವಿಷಯ: ಕೇಂದ್ರ ಸಂರಕ್ಷಿತ ಸ್ಮಾರಕವಾದ ... ಇದರ ನಿಷೇಧಿತ ಪ್ರದೇಶದಲ್ಲಿ ನಡೆಯುತ್ತಿರುವ ಕಟ್ಟಡ ಕಾಮಗಾರಿ ನಿಲ್ಲಿಸುವ ಬಗ್ಗೆ.

ಮೇಲ್ಕಂಡ ಸ್ಮಾರಕದ ಸಂರಕ್ಷಿತ ಜಾಗ ಸರ್ವೆ ನಂ. ... ಆಗಿದ್ದು, ಅದರ ಪೂರ್ವದ ಗಡಿಯಿಂದ ಅಂದಾಜು ... ಮೀಟರ್ ದೂರದಲ್ಲಿ ಸರ್ವೆ ನಂ. ...ರಲ್ಲಿ ಹೊಸ ಕಟ್ಟಡದ ಕೆಲಸ ದಿನಾಂಕ ...ರಿಂದ ನಡೆಯುತ್ತಿದೆ. ಇಂದಿಗೆ ಪಾಯ ಮುಗಿದು ಪಿಲ್ಲರ್ ಎದ್ದಿವೆ. ಇದು 1958ರ ಕಾಯ್ದೆಯ 20ಎ ಕಲಮಿನ ಉಲ್ಲಂಘನೆಯಾಗಿದ್ದು, 30ಎ ಅಡಿ ಶಿಕ್ಷಾರ್ಹ. ಸ್ಥಳ ತನಿಖೆ ಮಾಡಿ ಕೆಲಸ ನಿಲ್ಲಿಸಬೇಕೆಂದೂ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇವೆ."

30ಎ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿಯಂತ್ರಿತ ಪ್ರದೇಶವಾದರೆ 20ಎ ಬದಲು 20ಬಿ ಮತ್ತು 20ಸಿ, 30ಎ ಬದಲು 30ಬಿ ಬರೆಯಿರಿ, ಅಲ್ಲಿ "ಅನುಮತಿ ಇಲ್ಲದೆ" ಎಂಬ ಮಾತೂ ಸೇರಬೇಕು. ಮಾಲೀಕರ ಜಾತಿ, ಪಕ್ಷ, ಹಳೆ ವ್ಯಾಜ್ಯ ಯಾವುದೂ ಅರ್ಜಿಯೊಳಗೆ ಬರಬಾರದು. ಒಂದು ಸಾಲು ಬಂದರೂ ಅದು ಸ್ವಂತ ಜಗಳ ಅನ್ನಿಸಿಕೊಳ್ಳುತ್ತದೆ.

## ಹಂತ 7: ಯಾರಿಗೆ, ಯಾವ ಕ್ರಮದಲ್ಲಿ

ಮೊದಲ ಪ್ರತಿ ನಿಮ್ಮ ಭಾಗದ ಎಎಸ್‌ಐ ಉಪವೃತ್ತದ ಸಂರಕ್ಷಣಾ ಸಹಾಯಕರಿಗೆ, ಕೈಯಾರೆ. ಸ್ಥಳಕ್ಕೆ ಬಂದು ವರದಿ ಬರೆಯುವವರು ಇವರೇ. ಅದೇ ದಿನ ವೃತ್ತ ಕಚೇರಿಯ ಅಧೀಕ್ಷಕ ಪುರಾತತ್ವವಿದರಿಗೆ ಸ್ಪೀಡ್ ಪೋಸ್ಟ್. ಪ್ರತಿಗಳು ಜಿಲ್ಲಾಧಿಕಾರಿ, ತಹಶೀಲ್ದಾರ್, ಪಂಚಾಯ್ತಿ ಅಥವಾ ಪುರಸಭೆಗೆ. ಹಂಪಿಯ ಆಸುಪಾಸಾದರೆ 2002ರ ಕಾಯ್ದೆಯಡಿ ರಚನೆಯಾದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೂ ಒಂದು. ಹೊಳೆಯಾಚೆಯ ಆನೆಗೊಂದಿ ಕಡೆಯೂ ಅದರ ವ್ಯಾಪ್ತಿಯಲ್ಲಿದೆ.

ಕೈಯಾರೆ ಕೊಟ್ಟಾಗ ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. "ಇಟ್ಟು ಹೋಗಿ, ನೋಡ್ತೀವಿ" ಅಂದರೂ ನಿಂತು ಕೇಳಿ. ಆ ನಂಬರ್ ಇಲ್ಲದಿದ್ದರೆ ಮುಂದೆ ನೀವು ಅರ್ಜಿ ಕೊಟ್ಟೇ ಇಲ್ಲ. ವಾಟ್ಸಾಪಿನಲ್ಲಿ ಫೋಟೋ ಕಳಿಸಿ "ಸಾಹೇಬರು ನೋಡಿದ್ದಾರೆ, ನೀಲಿ ಗೆರೆ ಬಂದಿದೆ" ಎಂದು ತಿಂಗಳುಗಟ್ಟಲೆ ಕಾದವರನ್ನು ನಾನು ಬಲ್ಲೆ.

## ಹಂತ 8: ಅನುಮತಿ ಇದೆ ಅಂದರೆ ಅದರ ಒಳಗೆ ಏನಿದೆ ನೋಡಿ

ನಿಯಂತ್ರಿತ ಪ್ರದೇಶದ ಅನುಮತಿ ಒಂದು ದಾರಿಯಲ್ಲಿ ಹೋಗುತ್ತದೆ. ಅರ್ಜಿ ಸಕ್ಷಮ ಪ್ರಾಧಿಕಾರಿಗೆ, ಅಂದರೆ ಈ ಕಾಯ್ದೆಯಡಿ ಅನುಮತಿ ಕೊಡುವ ಅಧಿಕಾರಿಗೆ, ಬರುತ್ತದೆ. ಅವರು 15 ದಿನದೊಳಗೆ ದೆಹಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳೊಳಗೆ ಅಭಿಪ್ರಾಯ ಹೇಳಬೇಕು. ಅದು ಬಂದ ಒಂದು ತಿಂಗಳೊಳಗೆ ಸಕ್ಷಮ ಪ್ರಾಧಿಕಾರಿ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ಕೊಟ್ಟ ಮತ್ತು ನಿರಾಕರಿಸಿದ ಎಲ್ಲ ಅನುಮತಿಗಳನ್ನೂ ವೆಬ್‌ಸೈಟಿನಲ್ಲಿ ಹಾಕಬೇಕು ಎಂದು 20ಡಿ ಕಲಮು ಹೇಳುತ್ತದೆ. ಮೊದಲು ಅಲ್ಲಿ ಹುಡುಕಿ, ಸಿಗದಿದ್ದರೆ ಮಾಹಿತಿ ಹಕ್ಕು.

ಅನುಮತಿ ಪತ್ರ ಸಿಕ್ಕಿತು ಎಂದು ಕೈಚೆಲ್ಲಬೇಡಿ, ಓದಿ. ಎಷ್ಟು ಮಹಡಿ, ಎಷ್ಟು ಎತ್ತರ ಎಂದು ಅದರಲ್ಲಿರುತ್ತದೆ. ಸಾಮಾನ್ಯವಾಗಿ ಆ ಎತ್ತರದಲ್ಲಿ ಪ್ಯಾರಪೆಟ್ಟು, ಮೆಟ್ಟಿಲ ಮೇಲಿನ ಕೋಣೆ, ನೀರಿನ ಟ್ಯಾಂಕ್ ಎಲ್ಲ ಸೇರಿರುತ್ತದೆ. ತಾರಸಿಯ ಮೇಲೆ ಇನ್ನೊಂದು ಆಳೆತ್ತರದ ಕಟ್ಟೆ ಕಟ್ಟಿ, ಅದರ ಮೇಲೆ ಕಪ್ಪು ಟ್ಯಾಂಕ್ ಕೂರಿಸಿದ್ದರೆ ಅಲ್ಲೇ ಮಿತಿ ಮೀರಿರಬಹುದು. ಕೆಲಸ ಅನುಮತಿ ಮೀರಿ ಸ್ಮಾರಕಕ್ಕೆ ಧಕ್ಕೆ ತರುತ್ತಿದ್ದರೆ ಸಕ್ಷಮ ಪ್ರಾಧಿಕಾರಿ ಮತ್ತೆ ಪ್ರಾಧಿಕಾರದ ಅಭಿಪ್ರಾಯ ಕೇಳಿ, ಕೊಟ್ಟ ಅನುಮತಿಯನ್ನೇ ಹಿಂಪಡೆಯಬಹುದು.

## ಹಂತ 9: ಬೆನ್ನು ಬಿಡದಿರುವುದು

15 ದಿನ ಕಾದು ಒಂದು ನೆನಪೋಲೆ ಕೊಡಿ, ಹೊಸ ಫೋಟೋ ಸೇರಿಸಿ, ಹಳೆಯ ಇನ್‌ವರ್ಡ್ ನಂಬರ್ ಬರೆದು. ಅದರ ಹಿಂದೆಯೇ ಮಾಹಿತಿ ಹಕ್ಕಿನ ಅರ್ಜಿ: ನನ್ನ ದೂರಿನ ಮೇಲೆ ನಡೆದ ಸ್ಥಳ ತನಿಖೆಯ ವರದಿ, ಕೊಟ್ಟ ನೋಟಿಸ್, ಪೊಲೀಸರಿಗೆ ಬರೆದ ಪತ್ರದ ಪ್ರತಿ ಕೊಡಿ ಎಂದು. "ಯಾಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬೇಡಿ, ಪ್ರಶ್ನೆಗೆ ಉತ್ತರ ಬರುವುದಿಲ್ಲ, ದಾಖಲೆಗೆ ಬರುತ್ತದೆ. ರಾಜ್ಯದ ಕಚೇರಿಗಾದರೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ನೋಟಿಸ್ ಕೊಟ್ಟರು ಎಂದ ಕೂಡಲೇ ನಿರಾಳ ಆಗಬೇಡಿ. ತೆರವಿನ ಆದೇಶ ಎಎಸ್‌ಐ ಮಹಾನಿರ್ದೇಶಕರ ಮಟ್ಟದಿಂದ ಬರಬೇಕು, ಜಾರಿಗೆ ಜಿಲ್ಲಾಡಳಿತದ ಬಲ ಬೇಕು. ನಡುವೆ ತಿಂಗಳುಗಳೇ ಹಿಡಿಯುತ್ತವೆ. ಆ ಅವಧಿಯಲ್ಲೇ ಕೆಲಸ ಕದ್ದುಮುಚ್ಚಿ ಶುರುವಾಗುವುದು. ಹಾಗಾಗಿ ವಾರದ ಫೋಟೋ ನಿಲ್ಲಿಸಬೇಡಿ, ಭಾನುವಾರ ಬೆಳಗ್ಗೆ ಒಂದು ಸುತ್ತು ಹೋಗಿ ಬನ್ನಿ. ನೋಟಿಸ್ ನಂತರವೂ ಕೆಲಸ ನಡೆದಿದೆ ಎಂದು ತೋರಿಸುವ ಒಂದು ಫೋಟೋ ಹೈಕೋರ್ಟಿನಲ್ಲಿ ಹತ್ತು ಪುಟದ ವಾದಕ್ಕಿಂತ ಹೆಚ್ಚು ಮಾತಾಡುತ್ತದೆ. ಹೈಕೋರ್ಟಿಗೆ ಹೋಗುವುದಾದರೆ ಈವರೆಗಿನ ಕಾಗದಗಳನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ ವಕೀಲರ ಮುಂದಿಡಿ. ಇಲಾಖೆಗೆ ಅರ್ಜಿಯನ್ನೇ ಕೊಡದೆ ನೇರ ಕೋರ್ಟಿಗೆ ಹೋದರೆ ಮೊದಲು ಅಲ್ಲಿಗೇ ಹೋಗಿ ಎಂದು ಕಳಿಸುವ ಸಾಧ್ಯತೆ ಜಾಸ್ತಿ.

## ಹಂತ 10: ಮುಂದಿನ ಕಟ್ಟಡಕ್ಕೆ ಮೊದಲೇ ತಡೆ

ಪ್ರತಿ ಸಂರಕ್ಷಿತ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪವಿಧಿ ಮಾಡಬೇಕು ಎಂದು 20ಇ ಕಲಮಿದೆ. ಸುತ್ತಲಿನ ಕಟ್ಟಡಗಳ ಎತ್ತರ, ಮುಂಭಾಗದ ರೂಪ, ರಸ್ತೆ, ಚರಂಡಿ ಹೇಗಿರಬೇಕು ಎಂದು ನಿಗದಿಯಾಗುವುದು ಅಲ್ಲೇ. ಕರಡು ಪ್ರಕಟವಾದ ಮೇಲೆ ಜನರ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಕೊಡುತ್ತಾರೆ. ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನಿಮ್ಮ ಸ್ಮಾರಕದ ಹೆಸರು ಹುಡುಕಿ. ಕರಡು ಬಂದಿದ್ದರೆ ಅದರ ನಕ್ಷೆಯನ್ನು ಹಂತ 2ರ ಅಧಿಸೂಚನೆಯ ಜೊತೆ ಇಟ್ಟು ಸರ್ವೆ ನಂಬರುಗಳನ್ನು ಒಂದೊಂದಾಗಿ ತಾಳೆ ನೋಡಿ. ಬಿಟ್ಟುಹೋದ ಕಲ್ಯಾಣಿ, ಮಂಟಪ, ಮಾಸ್ತಿಗಲ್ಲು, ರಥಬೀದಿ ಇದ್ದರೆ ಫೋಟೋ ಸಮೇತ ಬರೆಯಿರಿ. "ಎತ್ತರ ಕಡಿಮೆ ಮಾಡಿ" ಎಂದು ಬರೆದರೆ ಸಾಲದು. ಎಲ್ಲಿ ನಿಂತರೆ ಏನು ಮರೆಯಾಗುತ್ತದೆ ಎಂದು ಬರೆಯಿರಿ: "ಕೆರೆ ಏರಿಯ ಮೇಲಿಂದ ಈಗ ಶಿಖರ ಪೂರ್ತಿ ಕಾಣುತ್ತದೆ, ಈ ಸರ್ವೆ ನಂಬರಿನಲ್ಲಿ ಎರಡು ಮಹಡಿ ಬಂದರೆ ಕಾಣುವುದಿಲ್ಲ." ಆ ಏರಿಯ ಮೇಲೆ ನಿಂತು ತೆಗೆದ ಫೋಟೋ ಜೊತೆಗಿರಲಿ. ನಿಮ್ಮ ಪಟ್ಟಣದ ಮಹಾಯೋಜನೆಯ ಕರಡು ಬಂದಾಗಲೂ ಇದೇ ಪತ್ರ, ಇದೇ ಫೋಟೋ ನಗರ ಯೋಜನಾ ಕಚೇರಿಗೆ ಕೊಡಿ.